ಟಿಯರ್‌ಡ್ರಾಪ್ ಟ್ರೈಲರ್‌ಗೆ ಯಾವ ಹೊದಿಕೆ: ಅಲ್ಯೂಮಿನಿಯಂ, ಎಪಾಕ್ಸಿ, ಕ್ಯಾನ್ವಾಸ್

ಗ್ಯಾರೇಜಿನಲ್ಲಿ ಟಿಯರ್‌ಡ್ರಾಪ್ ಟ್ರೈಲರ್ (ಕಾರಿನ ಹಿಂದೆ ಎಳೆದೊಯ್ಯುವ, ಹನಿಯಾಕಾರದ ಪುಟ್ಟ ಮಲಗುವ ಗಾಡಿ) ಕಟ್ಟಲು ಹೊರಟವರು ಹೊರಮೈಗೆ ಏನು ಹೊದಿಸಬೇಕು ಅನ್ನುವುದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಟ್ಟುಬಿಡುತ್ತಾರೆ. ಅದು ಗೋಡೆ ಕೊಯ್ಯುವ ಮೊದಲೇ ತೀರ್ಮಾನವಾಗಬೇಕಾದ ವಿಷಯ. ಅಂಚನ್ನು ಚೌಕವಾಗಿ ಬಿಡಬೇಕೋ ರೌಟರ್ (ಮರದ ಅಂಚು ಕೆತ್ತುವ ಯಂತ್ರ) ಹಿಡಿದು ದುಂಡಗೆ ಮಾಡಬೇಕೋ, ಚಾವಣಿಯ ಪ್ಲೈವುಡ್ ಗೋಡೆಯ ಹೊರಮೈಗೆ ಸಮನಾಗಿ ನಿಲ್ಲಬೇಕೋ, ಯಾವ ಮೈಗೆ ಪ್ರೈಮರ್ ಸೋಕಿಸಬಾರದು, ಇದೆಲ್ಲ ಹೊದಿಕೆಯನ್ನು ನೋಡಿಕೊಂಡು ಮಾಡಬೇಕಾದ್ದು. ಅಲ್ಯೂಮಿನಿಯಂ ಶೀಟ್, ಎಪಾಕ್ಸಿಯಲ್ಲಿ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ರೆಸಿನ್) ತೋಯಿಸಿದ ಫೈಬರ್‌ಗ್ಲಾಸ್ ಬಟ್ಟೆ, ಅಂಟಿನ ಮೇಲೆ ಹಾಸಿ ಬಣ್ಣ ಬಳಿದ ಹತ್ತಿಯ ಕ್ಯಾನ್ವಾಸ್, ಈ ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಕ್ಯಾನ್ವಾಸ್‌ಗೆ. ಅಲ್ಯೂಮಿನಿಯಂಗೆ ಹಾಕಿದ ದುಡ್ಡು ದಂಡವಾಯಿತು ಅಂತಲೇ ಹೇಳುತ್ತೇನೆ. ಎಪಾಕ್ಸಿ ಗಟ್ಟಿತನದಲ್ಲಿ ಎಲ್ಲಕ್ಕಿಂತ ಮೇಲು, ಆದರೆ ನಾನು ಕೆಲಸ ಮಾಡುವ ರೀತಿಗೆ ಒಗ್ಗುವುದಿಲ್ಲ.

ಲೆಕ್ಕಕ್ಕೆ 1.2 ಮೀಟರ್ ಅಗಲ, 2.4 ಮೀಟರ್ ಉದ್ದ, 1.2 ಮೀಟರ್ ಎತ್ತರದ ಸಾಮಾನ್ಯ ಗಾತ್ರದ ಮೈಯನ್ನೇ ಇಟ್ಟುಕೊಳ್ಳಿ. ಎರಡು ಪಕ್ಕ, ಚಾವಣಿ, ಹಿಂಬಾಗಿಲು ಎಲ್ಲ ಸೇರಿ ಹೊದಿಸಬೇಕಾದ ಜಾಗ ಸುಮಾರು 10 ಚದರ ಮೀಟರ್. ಒಳಗಿರುವುದು ಪ್ಲೈವುಡ್, ಅದರ ವೈರಿ ನೀರು. ಪ್ಲೈವುಡ್‌ನ ಮುಖ ನೀರನ್ನು ನಿಧಾನವಾಗಿ ಕುಡಿಯುತ್ತದೆ, ಗರಗಸ ಹಾಕಿದ ಅಂಚು ಗಟಗಟ ಕುಡಿಯುತ್ತದೆ. ಹಾಗಾಗಿ ಹೊದಿಕೆಗೆ ಹಾಕಬೇಕಾದ ಪರೀಕ್ಷೆ ಎರಡು: ಚಾವಣಿಯೂ ಗೋಡೆಯೂ ಸೇರುವ ಅಂಚನ್ನು ಹೇಗೆ ಮುಚ್ಚುತ್ತದೆ, ನೀರು ಒಳಗೆ ಹೋದರೆ ಅದು ನಮಗೆ ಎಷ್ಟು ಬೇಗ ಗೊತ್ತಾಗುತ್ತದೆ.

ಅಲ್ಯೂಮಿನಿಯಂ ಈ ಎರಡರಲ್ಲೂ ಸೋಲುತ್ತದೆ. ನೋಡಲು ಮಾತ್ರ ಅದರ ಮುಂದೆ ಯಾವುದೂ ಇಲ್ಲ, ಹೊಳೆಯುವ ಆ ಮೈಯನ್ನು ನೋಡಿಯೇ ಮನಸ್ಸು ಸೋಲುವುದು.

ಮೊದಲ ತೊಂದರೆ ಬಿಸಿಲಿನದು. ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಮುಂಜಾವಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಶೀಟಿನ ಮೈಯಲ್ಲಿ 40 ಡಿಗ್ರಿ ವ್ಯತ್ಯಾಸ ಬರುವುದು ಹೆಚ್ಚೇನಲ್ಲ. ಆಗ 2.4 ಮೀಟರಿನ ಶೀಟು 2.2 ಮಿ.ಮೀ. ಉದ್ದವಾಗುತ್ತದೆ. ಕೆಳಗಿನ ಪ್ಲೈವುಡ್ ಶಾಖಕ್ಕೆ ಹಿಗ್ಗುವುದು ಬಹಳ ಕಡಿಮೆ. ಎರಡನ್ನೂ ಕಾಂಟ್ಯಾಕ್ಟ್ ಅಂಟಿನಿಂದ ಪೂರ್ತಿ ಅಂಟಿಸಿಬಿಟ್ಟರೆ ದಿನಕ್ಕೊಮ್ಮೆ ಎಳೆದಾಟ ನಡೆದು ಎಲ್ಲೋ ಒಂದು ಕಡೆ ಅಂಟು ಕೈಬಿಡುತ್ತದೆ. 250 ಮಿ.ಮೀ. ಉದ್ದಕ್ಕೆ ಅಂಟು ಬಿಟ್ಟಿದೆ ಅನ್ನಿ. ಆ ಜಾಗದಲ್ಲಿ ಹೆಚ್ಚಾಗುವ ಉದ್ದ ಬರೀ 0.23 ಮಿ.ಮೀ. ಆದರೆ ಎರಡೂ ತುದಿ ಕಟ್ಟಿಹಾಕಿದ ಶೀಟು ಅಷ್ಟನ್ನೇ ಉಬ್ಬಾಗಿ ಹೊರಹಾಕಬೇಕಾಗಿ ಬಂದರೆ ಉಬ್ಬಿನ ಎತ್ತರ ಹತ್ತಿರ ಹತ್ತಿರ 5 ಮಿ.ಮೀ. ಆಗುತ್ತದೆ. ಹೊಳೆಯುವ ಮೈಯಲ್ಲಿ 1 ಮಿ.ಮೀ. ಉಬ್ಬೇ ಕಣ್ಣಿಗೆ ಹೊಡೆಯುತ್ತದೆ. ಕೈಯಿಂದ ಒತ್ತಿದರೆ ಡಬ್ ಅಂತ ಒಳಹೋಗಿ ಪಕ್ಕದಲ್ಲಿ ಏಳುತ್ತದೆ.

ಇದಕ್ಕೆ ಹಳಬರ ಪರಿಹಾರ ಶೀಟನ್ನು ಅಂಟಿಸದೆ ತೇಲಲು ಬಿಡುವುದು. 0.8 ಅಥವಾ 1 ಮಿ.ಮೀ. ದಪ್ಪದ ಶೀಟನ್ನು ಅಂಚಿನಿಂದ 3 ಮಿ.ಮೀ. ಒಳಗೆ ಕತ್ತರಿಸಬೇಕು. 4 ಮಿ.ಮೀ. ಸ್ಕ್ರೂ ಹೋಗುವಲ್ಲಿ ಶೀಟಿಗೆ 6 ರಿಂದ 7 ಮಿ.ಮೀ. ತೂತು ಕೊರೆಯಬೇಕು, ಮರಕ್ಕೆ ಮಾತ್ರ ಸ್ಕ್ರೂವಿನ ಹದಕ್ಕೆ. ಮೇಲೆ ಅಂಚುಪಟ್ಟಿ ಕೂರಿಸಿ ಶೀಟನ್ನು ಒತ್ತಿಹಿಡಿಯಬೇಕು, ಪಟ್ಟಿಯ ಅಡಿಗೆ ಬ್ಯೂಟೈಲ್ ಟೇಪ್, ಅಂದರೆ ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ. ಉಬ್ಬುವುದು ಇದರಿಂದ ನಿಲ್ಲುತ್ತದೆ. ನಿಂತ ಕೂಡಲೇ ಎರಡನೇ ತೊಂದರೆ ಶುರು, ಮೂರು ಹೊದಿಕೆಗಳಲ್ಲಿ ನನಗೆ ಅತಿ ಹೆಚ್ಚು ತಲೆನೋವು ಕೊಟ್ಟದ್ದು ಇದೇ.

ಆ ಅಂಚುಪಟ್ಟಿಗೆ 75 ಮಿ.ಮೀ. ಗೊಂದು ಸ್ಕ್ರೂ ಬೇಕು. ಮುಂಭಾಗದ ಬುಡದಿಂದ ಚಾವಣಿ ದಾಟಿ ಹಿಂದಿನ ಬುಡದವರೆಗೆ ಒಂದು ಪಕ್ಕಕ್ಕೆ 4 ಮೀಟರ್ ಆದರೆ ಎರಡೂ ಪಕ್ಕಕ್ಕೆ 8 ಮೀಟರ್, ಅಂದರೆ ನೂರಕ್ಕೂ ಹೆಚ್ಚು ತೂತು. ಎಲ್ಲವೂ ಹೋಗುವುದು ಪ್ಲೈವುಡ್‌ನ ಕತ್ತರಿಸಿದ ಅಂಚಿನ ಆಸುಪಾಸಿಗೆ, ನೀರನ್ನು ಎಲ್ಲಿಗೆ ಬಿಡಬಾರದೋ ಅಲ್ಲಿಗೇ. ಬ್ಯೂಟೈಲ್ ಒಳ್ಳೆಯ ವಸ್ತು, ಗಟ್ಟಿಯಾಗದೆ ವರ್ಷಗಟ್ಟಲೆ ಮೆತ್ತಗಿರುತ್ತದೆ. ಆದರೆ ಹಾಕಿದ ದಿನವೇ ಸ್ಕ್ರೂ ಪೂರ್ತಿ ಬಿಗಿದರೆ ಎಲ್ಲ ಹಿಂಡಿಹೋಗಿ ಪಟ್ಟಿಯ ಅಡಿ ಒಣಗಿದ ಜಾಗ ಉಳಿಯುತ್ತದೆ. ಅರ್ಧ ಬಿಗಿದು, ಒಂದೆರಡು ದಿನ ಬಿಸಿಲು ಕಂಡ ಮೇಲೆ ಮತ್ತೊಮ್ಮೆ ಬಿಗಿದು, ಹೊರಬಂದ ಅಂಟನ್ನು ಪ್ಲಾಸ್ಟಿಕ್ ತುಂಡಿನಿಂದ ಕೊಯ್ಯಬೇಕು. ಬಾಗಿದ ಕಡೆ ಪಟ್ಟಿ ಸ್ವಲ್ಪ ಮೇಲೆದ್ದೇ ನಿಲ್ಲುತ್ತದೆ, ಟೇಪನ್ನು ಅಲ್ಲಿ ಎರಡು ಪದರ ಹಾಕಬೇಕು. ಸಿಲಿಕೋನ್ ತುಂಬಿ ಮುಗಿಸಿಬಿಡೋಣ ಅನ್ನಿಸುತ್ತದೆ, ಖಂಡಿತ ಬೇಡ. ಸಿಲಿಕೋನ್ ಸೋಕಿದ ಜಾಗದಲ್ಲಿ ಆಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ, ಅದರ ಮೇಲೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಕೂರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ನೂರರಲ್ಲಿ ಒಂದು ತೂತು ಸೋರಿದರೆ ಅದು ಕಾಣಿಸುವುದಿಲ್ಲ, ನನಗೆ ಅಲ್ಯೂಮಿನಿಯಂ ಬೇಡವಾದದ್ದು ಇದಕ್ಕೆ. ನೀರು ಶೀಟಿನ ಅಡಿಯಲ್ಲಿ ಹರಡುತ್ತದೆ, ಆರಲು ದಾರಿಯಿಲ್ಲ. ಒಳಗೆ ಇಬ್ಬರು ಮಲಗಿ ಬಿಟ್ಟ ಉಸಿರಿನ ಹಬೆಯೂ ರಾತ್ರಿ ತಣ್ಣಗಾದ ಲೋಹದ ಒಳಮೈಯಲ್ಲಿ ಹನಿಗಟ್ಟಿ ಅದಕ್ಕೆ ಸೇರಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಹೊಸದರಂತೆ ಫಳಫಳ. ಒಂದು ದಿನ ಅಂಚುಪಟ್ಟಿಯ ಸ್ಕ್ರೂ ತಿರುಗಿಸಿದರೆ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತಿಗೆ ಅಡಿಯ ಮರ ಲಡ್ಡಾಗಿ ಬೆರಳಲ್ಲಿ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ.

ತೂಕದಲ್ಲೂ ಅದೇ ಹಿಂದೆ. 1 ಮಿ.ಮೀ. ಶೀಟು ಚದರ ಮೀಟರಿಗೆ 2.7 ಕೆ.ಜಿ., 10 ಚದರ ಮೀಟರಿಗೆ 27 ಕೆ.ಜಿ. ಉಳಿದ ಎರಡು ಹೊದಿಕೆಗಳು ಬಣ್ಣ ಸೇರಿ ಸುಮಾರು 10 ಕೆ.ಜಿ. ಯ ಆಸುಪಾಸು.

ಎಪಾಕ್ಸಿ ವಿಷಯಕ್ಕೆ ಬಂದರೆ ದೂರಲು ಹೆಚ್ಚೇನಿಲ್ಲ. ಚದರ ಮೀಟರಿಗೆ 200 ಗ್ರಾಂ ತೂಗುವ ಗ್ಲಾಸ್ ಬಟ್ಟೆ ಸಾಕು. ಅಂಚುಗಳನ್ನು ಕನಿಷ್ಠ 6 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡಬೇಕು, ಇಲ್ಲದಿದ್ದರೆ ಬಟ್ಟೆ ಮೂಲೆಯಲ್ಲಿ ಏಳುತ್ತದೆ. ಮರಕ್ಕೆ ಒಂದು ತೆಳು ಕೋಟ್, ಬಟ್ಟೆ ತೋಯುವಷ್ಟು ಒಂದು, ನೇಯ್ಗೆ ಮುಚ್ಚಲು ಮೂರು, ಒಟ್ಟು 7 ಕೆ.ಜಿ. ಹತ್ತಿರ ಎಪಾಕ್ಸಿ ಹಿಡಿಯುತ್ತದೆ. ಮೊದಲ ಕೋಟನ್ನು ಗ್ಯಾರೇಜು ತಣ್ಣಗಾಗುತ್ತಿರುವ ಹೊತ್ತಿನಲ್ಲೇ ಬಳಿಯಿರಿ. ಬೆಳಿಗ್ಗೆ ಬಳಿದರೆ ಮರದೊಳಗಿನ ಗಾಳಿ ಬಿಸಿಯೇರಿ ಹಿಗ್ಗಿ ಸಾವಿರ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಗಟ್ಟಿಯಾದ ಮೇಲೆ ಕೆಲವು ಬಗೆಯ ಎಪಾಕ್ಸಿಯ ಮೈ ಮೇಣ ಸವರಿದಂತೆ ಜಾರುತ್ತದೆ, ಅದನ್ನು ಬರೀ ನೀರು ಮತ್ತು ಉಜ್ಜುವ ಪ್ಯಾಡ್‌ನಿಂದ ತೊಳೆದೇ ಮರಳುಕಾಗದ ಹಿಡಿಯಬೇಕು. ಬಿಸಿಲಿಗೆ ಎಪಾಕ್ಸಿ ಕೆಡುತ್ತದೆ, ಮೇಲೆ ಬಣ್ಣವೋ ಯುವಿ ತಡೆಯುವ ವಾರ್ನಿಷ್ಷೋ ಇರಲೇಬೇಕು. ಅಗ್ಗವೆಂದು ಪಾಲಿಯೆಸ್ಟರ್ ರೆಸಿನ್ ತಂದು ಮರದ ಮೇಲೆ ಹಾಕಬೇಡಿ, ಮರಕ್ಕೆ ಅದರ ಹಿಡಿತ ಸಾಲದು.

ನನಗೆ ಒಗ್ಗದ್ದು ಅದರ ಶಿಸ್ತು. ಕಲಸಿದ ಮೇಲೆ ಅದು ನಮಗಾಗಿ ಕಾದು ಕೂರುವುದಿಲ್ಲ, ದೊಡ್ಡ ಡಬ್ಬಿಯಲ್ಲಿ ಉಳಿದರೆ ತನ್ನ ಬಿಸಿಗೆ ತಾನೇ ಕುದಿಯುವ ಹಾಗಾಗುತ್ತದೆ. ಚಾವಣಿಯ ಬಟ್ಟೆ ಒಂದೇ ಪಟ್ಟಿನಲ್ಲಿ ಮುಗಿಯಬೇಕು. ಸಂಜೆ ಒಂದೆರಡು ಗಂಟೆ ಸಿಕ್ಕಾಗ ಕೆಲಸ ಮಾಡಿ ಬಾಗಿಲು ಹಾಕುವವರಿಗೆ ಇದು ಕಷ್ಟ. ಇನ್ನೊಂದು, ಗ್ಲೌಸ್ ಇಲ್ಲದೆ ಮುಟ್ಟಿ ಮುಟ್ಟಿ ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಸಾಮಾನ್ಯವಾಗಿ ಅದು ಬಿಟ್ಟುಹೋಗುವುದಿಲ್ಲ.

ಈಗ ಕ್ಯಾನ್ವಾಸ್. ಚದರ ಮೀಟರಿಗೆ 270 ರಿಂದ 340 ಗ್ರಾಂ ತೂಗುವ, ನಡುವೆ ಹೊಲಿಗೆ ಇಲ್ಲದ ಹತ್ತಿ ಬಟ್ಟೆ. ಅಗಲ 1.5 ಮೀಟರಿಗಿಂತ ಹೆಚ್ಚಿರಲಿ. ಅಂಟು ಟೈಟ್‌ಬಾಂಡ್ 2 ಅಥವಾ ಅದೇ ದರ್ಜೆಯ ನೀರು ತಡೆಯುವ ಮರದ ಅಂಟು, ನಾಲ್ಕು ಪಾಲಿಗೆ ಒಂದು ಪಾಲು ನೀರು ಬೆರೆಸಿದ್ದು. 10 ಚದರ ಮೀಟರಿಗೆ 3 ಲೀಟರ್ ಇಟ್ಟುಕೊಳ್ಳಿ. ಪ್ಲೈವುಡ್ ಬರಿಮೈಯಲ್ಲಿರಬೇಕು, 80 ನಂಬರಿನ ಮರಳುಕಾಗದ ತಿಕ್ಕಿ ದೂಳು ಒರೆಸಿದ್ದು. ಅಂಚಿಗೆ ರಕ್ಷಣೆ ಇರಲಿ ಅಂತ ಮೊದಲೇ ಎಪಾಕ್ಸಿ ಸವರಿಡುವವರಿದ್ದಾರೆ. ಈ ಅಂಟು ಹೀರುವ ಮೈಯನ್ನು ಮಾತ್ರ ಹಿಡಿಯುತ್ತದೆ. ಎಪಾಕ್ಸಿ ಸವರಿದ ಅಂಚಿನಲ್ಲಿ ಬಟ್ಟೆ ಬಾಳೆಪಟ್ಟೆಯ ಹಾಗೆ ಸುಲಿದು ಬರುತ್ತದೆ. ಅಂಚಿಗೆ ಅದೇ ತೆಳು ಅಂಟನ್ನು ಎರಡು ಸಲ ಕುಡಿಸಿ ಒಣಗಿಸಿದರೆ ಸಾಕು.

ಅಂಚು 10 ಮಿ.ಮೀ. ದುಂಡಗಾಗಲಿ. ಮೊದಲು ಎರಡು ಪಕ್ಕ, ಆಮೇಲೆ ಚಾವಣಿ. ರೋಲರ್‌ನಲ್ಲಿ 60 ಸೆಂ.ಮೀ. ಜಾಗಕ್ಕೆ ಮಾತ್ರ ಅಂಟು ಬಳಿದು, ಬಟ್ಟೆಯನ್ನು ಇಳಿಸಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಹೋಗಿ, ನಂತರ ಮುಂದಿನ 60 ಸೆಂ.ಮೀ. ಒಮ್ಮೆಗೇ ಇಡೀ ಗೋಡೆಗೆ ಬಳಿದರೆ ಅರ್ಧ ಒಣಗಿಹೋಗುತ್ತದೆ. ಪಕ್ಕದ ಬಟ್ಟೆ ಚಾವಣಿಯ ಮೇಲೆ 50 ಮಿ.ಮೀ. ಹತ್ತಲಿ, ಚಾವಣಿಯ ಬಟ್ಟೆ ಅದರ ಮೇಲೆ ಬಂದು ಗೋಡೆಗೆ 50 ಮಿ.ಮೀ. ಇಳಿಯಲಿ, ಹಂಚು ಹೊದಿಸಿದ ಹಾಗೆ. ಅಂಚಿನಲ್ಲಿ ಬಟ್ಟೆ ಎರಡು ಪದರವಾಗುತ್ತದೆ, ಅಂಚುಪಟ್ಟಿ ಬೇಡ, ಆ ನೂರು ಸ್ಕ್ರೂಗಳೂ ಬೇಡ.

ಬಟ್ಟೆಯನ್ನು ಮೊದಲೇ ಒಗೆಯಬೇಕೇ ಅನ್ನುವುದಕ್ಕೆ ಎರಡು ಪಕ್ಷಗಳಿವೆ. ಒಗೆದರೆ ಗಂಜಿ ಹೋಗಿ ಅಂಟು ಚೆನ್ನಾಗಿ ಹೀರುತ್ತದೆ. ನಾನು ಒಗೆಯದ ಪಕ್ಷ. ಒದ್ದೆಯಾಗಿ ಒಣಗುವಾಗ ಹೊಸ ಕ್ಯಾನ್ವಾಸ್ ಕುಗ್ಗಿ, ಬಾಗಿದ ಮೈಗೆ ಮದ್ದಳೆಯ ಚರ್ಮದಂತೆ ಬಿಗಿದುಕೊಳ್ಳುತ್ತದೆ. ಒಳಬಾಗಿದ ಮೂಲೆ ಇದ್ದರೆ ಮಾತ್ರ ಅದೇ ಕುಗ್ಗುವಿಕೆ ಬಟ್ಟೆಯನ್ನು ಎಬ್ಬಿಸುತ್ತದೆ, ಅಲ್ಲಿ ಬಟ್ಟೆ ಕತ್ತರಿಸಿ ಬೇರೆ ತುಂಡು ಹಾಕಿ. ಉಳಿದ ಸುಕ್ಕಿಗೆ ಇಸ್ತ್ರಿಪೆಟ್ಟಿಗೆ ಇದೆ: ಅಂಟು ಒಣಗಿದ ಮರುದಿನ ಹಳೆಯ ಹತ್ತಿ ಬಟ್ಟೆ ನಡುವೆ ಇಟ್ಟು ಬಿಸಿ ಒತ್ತಿದರೆ ಅಂಟು ಮೆದುವಾಗಿ ಮತ್ತೆ ಹಿಡಿಯುತ್ತದೆ.

ಹೊರಾಂಗಣದ ಅಕ್ರಿಲಿಕ್ ಬಣ್ಣದ ಮೊದಲ ಕೋಟನ್ನು ನೀರಾಗಿಸಿ, ನೇಯ್ಗೆಯ ಬುಡದವರೆಗೆ ಇಳಿಯುವಂತೆ ಬ್ರಷ್‌ನಲ್ಲಿ ಒತ್ತಿ ಬಳಿಯಿರಿ. ಮೇಲೆ ಇನ್ನು ಮೂರು ಕೋಟ್. ತಿಳಿಬಣ್ಣವೇ ಇರಲಿ. ಇಸ್ತ್ರಿಗೆ ಮೆದುವಾಗುವ ಅಂಟು ಬಿಸಿಲಿಗೂ ಮೆದುವಾಗಬಲ್ಲದು, ಕಡುನೀಲಿಯೋ ಕಪ್ಪೋ ಬಳಿದ ಚಾವಣಿ ಅದನ್ನು ಆ ಬಿಸಿಗೆ ಒಯ್ಯುತ್ತದೆ. ಇದು ಕ್ಯಾನ್ವಾಸ್‌ನ ನಿಜವಾದ ದೌರ್ಬಲ್ಯ. ಇನ್ನೊಂದು, ಟಾರ್ಪಾಲನ್ನು ನೇರವಾಗಿ ಮೈಮೇಲೆ ಹೊದಿಸಿ ತಿಂಗಳುಗಟ್ಟಲೆ ಬಿಡಬಾರದು. ಅಡಿಯಲ್ಲಿ ನಿಂತ ನೀರಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗಿ ಏಳುತ್ತದೆ.

ಅದರ ಒಳ್ಳೆಯ ಗುಣವೂ ಇದರಲ್ಲೇ ಇದೆ. ನೀರು ಎಲ್ಲಿ ನುಗ್ಗಿತೋ ಅಲ್ಲಿ ಬಣ್ಣ ಬೊಕ್ಕೆ ಏಳುತ್ತದೆ, ಹತ್ತು ಅಡಿ ದೂರದಿಂದ ಕಾಣುತ್ತದೆ. ಬ್ಲೇಡಿನಲ್ಲಿ ಅಡ್ಡ ಉದ್ದ ಸೀಳಿ, ನಾಲ್ಕು ಕಿವಿಗಳನ್ನು ಮಡಚಿಟ್ಟು, ಮರವನ್ನು ಪೂರ್ತಿ ಒಣಗಲು ಬಿಟ್ಟು, ಸಿರಿಂಜಿನಲ್ಲಿ ಅಂಟು ಬಿಟ್ಟು, ಇಸ್ತ್ರಿ ಹಾಕಿ, ಬಣ್ಣ ಮುಟ್ಟಿಸಿದರೆ ಮುಗಿಯಿತು. ಅದೇ ರಿಪೇರಿ ಎಪಾಕ್ಸಿಯಲ್ಲಾದರೆ ಗ್ರೈಂಡರ್, ಮಾಸ್ಕ್, ಮತ್ತೆ ಬಟ್ಟೆ, ಮತ್ತೆ ಮೂರು ಕೋಟ್.

ಕಿಟಕಿ ಬಾಗಿಲಿನ ಕಿಂಡಿಗಳಲ್ಲಿ ಬಟ್ಟೆಯನ್ನು ಕತ್ತರಿಸಿ ಎಸೆಯದೆ ಒಳಕ್ಕೆ ಮಡಚಿ ಅಂಟಿಸಿ, ಫ್ರೇಮಿನ ಅಡಿಗೆ ಬ್ಯೂಟೈಲ್. ಮುಂಭಾಗಕ್ಕೆ ಸಿಡಿಯುವ ಕಲ್ಲು ಮೂರನ್ನೂ ಗಾಯ ಮಾಡುತ್ತದೆ: ಅಲ್ಯೂಮಿನಿಯಂ ತಗ್ಗುಬೀಳುತ್ತದೆ, ಎಪಾಕ್ಸಿ ಚಕ್ಕೆ ಏಳುತ್ತದೆ, ಕ್ಯಾನ್ವಾಸ್ ಸವೆಯುತ್ತದೆ. ಹಿಂಬಾಗಿಲಿನ ಹಿಂಜಿನ ಸೋರಿಕೆ ಯಾವ ಹೊದಿಕೆಗೂ ತಪ್ಪಿದ್ದಲ್ಲ.

ಟ್ರೈಲರ್ ಸದಾ ಬಯಲಲ್ಲೇ ನಿಲ್ಲುವುದಾದರೆ, ವರ್ಷಕ್ಕೊಮ್ಮೆ ಬ್ರಷ್ ಹಿಡಿಯುವ ಮನಸ್ಸಿಲ್ಲದಿದ್ದರೆ, ಕೈಯಲ್ಲಿ ದುಡ್ಡೂ ಬಿಡುವೂ ಇದ್ದರೆ ಎಪಾಕ್ಸಿ ಹಾಕಿಸಿಕೊಳ್ಳಿ. ನನ್ನದು ಗ್ಯಾರೇಜಿನಲ್ಲಿ ಮಲಗುವ ಟ್ರೈಲರ್, ಸಂಜೆಯ ತುಂಡು ಹೊತ್ತಿನ ಕೆಲಸ, ಬಿಗಿ ಬಜೆಟ್, ವರ್ಷಕ್ಕೊಮ್ಮೆ ತೊಳೆದು ತಟ್ಟಿ ನೋಡುವ ಅಭ್ಯಾಸ. ಅದಕ್ಕೆ ಕ್ಯಾನ್ವಾಸ್ ಸರಿಹೋಗಿದೆ.

ಬಟ್ಟೆ ಪೂರ್ತಿ ಕೊಳ್ಳುವ ಮೊದಲು 30 ಸೆಂ.ಮೀ. ಚೌಕದ ಪ್ಲೈವುಡ್ ತುಂಡಿಗೆ ನೀವು ಬಳಸಲಿರುವ ಅದೇ ಅಂಟು, ಅದೇ ಕ್ಯಾನ್ವಾಸ್, ಅದೇ ಬಣ್ಣವನ್ನು ನಾಲ್ಕು ಅಂಚೂ ಸುತ್ತಿ ಬರುವಂತೆ ಹಾಕಿ. ಎರಡು ವಾರ ಒಣಗಿಸಿ, ಅರ್ಧ ಮುಳುಗುವಂತೆ ಬಕೆಟ್ಟಿನಲ್ಲಿ ಒಂದು ವಾರ ನಿಲ್ಲಿಸಿ. ತೆಗೆದು ಒಣಗಿದ ಮೇಲೆ ಮೂಲೆಯಲ್ಲಿ ಬ್ಲೇಡ್ ತೂರಿಸಿ ಇಕ್ಕುಳದಿಂದ ಎಳೆಯಿರಿ. ಬಟ್ಟೆಯ ಬೆನ್ನಿಗೆ ಮರದ ನಾರು ಕಿತ್ತುಕೊಂಡು ಬಂದರೆ ಆ ಅಂಟನ್ನೇ ತನ್ನಿ. ಬಟ್ಟೆ ಸ್ವಚ್ಛವಾಗಿ ಬಿಟ್ಟುಕೊಂಡರೆ ಅಂಟನ್ನು ಬದಲಿಸಿ ಇನ್ನೊಂದು ತುಂಡು ಮಾಡಿ.