ಕುಂಡದ ಗಿಡಕ್ಕೆ ಎರೆಗೊಬ್ಬರವೋ, ಮನೆ ಕಾಂಪೋಸ್ಟೋ, ಜೀವಾಮೃತವೋ?

ತಾರಸಿಯಲ್ಲಿ ಟೊಮೆಟೊ, ಮೆಣಸಿನ ಗಿಡ, ಸೊಪ್ಪು ಹಾಕಿದ್ದೀರಿ, ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ.

ಖರ್ಚು ನೋಡಿದರೆ ಮನೆ ಕಾಂಪೋಸ್ಟೇ ಅಗ್ಗ. ತರಕಾರಿ ಸಿಪ್ಪೆ, ಒಣ ಎಲೆ, ತೂತು ಕೊರೆದ ಡಬ್ಬ ಸಾಕು. ಎರೆಗೊಬ್ಬರ ಕೊಂಡರೆ ಕುಂಡ ಹೆಚ್ಚಿದಷ್ಟೂ ಖರ್ಚು. ಸಗಣಿ, ಗಂಜಲ ಕಲಸಿ ಮಾಡುವ ದ್ರವ ಜೀವಾಮೃತಕ್ಕೆ ದುಡ್ಡು ಕಡಿಮೆ, ಆದರೆ ಅಪಾರ್ಟ್‌ಮೆಂಟಿನಲ್ಲಿ ಸಗಣಿ, ಗಂಜಲ ಎಲ್ಲಿಂದ ತರೋದು?

ಮನೆಯಲ್ಲೇ ಮಾಡುವುದಾದರೆ ಬೇಗ ಸಿಗುವುದು ಜೀವಾಮೃತವೇ. 20 ಲೀಟರ್ ನೀರಿಗೆ 1 ಕಿಲೋ ಸಗಣಿ, 1 ಲೀಟರ್ ಗಂಜಲ, ತಲಾ 200 ಗ್ರಾಂ ಬೆಲ್ಲ ಮತ್ತು ಕಡಲೆ ಹಿಟ್ಟು, ಹಿಡಿ ಮಣ್ಣು. ನೆರಳಲ್ಲಿಟ್ಟು ಕಲಕುತ್ತಿದ್ದರೆ 2 ದಿನದಲ್ಲಿ ಸಿದ್ಧ. ವಾರದೊಳಗೆ ಮುಗಿಸಬೇಕು. ಆದರೆ ಇದರ ಕೆಲಸ ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸುವುದು. ಸತ್ವವಿಲ್ಲದ ಮಣ್ಣಿಗೆ ಬರೀ ಇದನ್ನೇ ಸುರಿದರೆ ಸುಮ್ನೆ ಶ್ರಮ.

ಕಾಂಪೋಸ್ಟ್ ಆಗಲು 2-3 ತಿಂಗಳು ಬೇಕು. ಹಸಿ ಕಸ ಜಾಸ್ತಿಯಾದರೆ ವಾಸನೆ ಬರುತ್ತದೆ. ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೆರೆಸಿ. ಎರೆಹುಳು ಸಾಕಿ ಗೊಬ್ಬರ ಮಾಡುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ. ಜೊತೆಗೆ ನೆರಳು, ತೇವ ಬೇಕು, ಇರುವೆ ಬರದಂತೆ ಕಾಯಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯ ತಾರಸಿಯಲ್ಲಿ ಹುಳು ಉಳಿಯೋದು ಕಷ್ಟ.

ಈಗಷ್ಟೇ ಶುರುಮಾಡಿ, ಕುಂಡ ಕಡಿಮೆ ಇದ್ದರೆ ಎರೆಗೊಬ್ಬರ ಕೊಂಡುಬಿಡಿ. ದಿನಾ ಅಡುಗೆ ಮಾಡುವ ದೊಡ್ಡ ಮನೆಗೆ ಕಾಂಪೋಸ್ಟ್ ಒಳ್ಳೆಯದು, ಕಸವೂ ಕಡಿಮೆಯಾಗುತ್ತದೆ. ಹತ್ತಿರದಲ್ಲಿ ಹಸು ಇರುವವರು ಕಾಂಪೋಸ್ಟ್ ಹಾಕಿದ ಮಣ್ಣಿಗೇ ಜೀವಾಮೃತವನ್ನು ನೀರು ಬೆರೆಸಿ, 15 ದಿನಕ್ಕೊಮ್ಮೆ ಕೊಡಲಿ.