ಹಿಸ್ಟಮಿನ್ ಚುಚ್ಚಿದರೂ ಏಳದ ಗಂಧೆ: ಕಲಬುರಗಿಯ ಅಲರ್ಜಿ ಪರೀಕ್ಷಾ ಕೇಂದ್ರವೊಂದರ ಅನುಭವ

ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ನನಗೆ ತೊಗರಿ ರಾಶಿಯ ಕಾಲ ಬಂತೆಂದರೆ ಸೀನು, ಮೂಗು ಸೋರುವುದು ತಪ್ಪಿದ್ದಲ್ಲ. ಇದಕ್ಕೆ ಕಾರಣ ಮಿಲ್ಲಿನ ಧೂಳೋ, ಮನೆಯ ಹಿಂದಿನ ಖಾಲಿ ನಿವೇಶನದ ತುಂಬ ಬೆಳೆದ ಕಾಂಗ್ರೆಸ್ ಕಸವೋ ತಿಳಿಯಲೆಂದು ಕಲಬುರಗಿಯ ಖಾಸಗಿ ಕೇಂದ್ರವೊಂದಕ್ಕೆ ಹೋದೆ.

ಮುಂಗೈ ಮೇಲೆ ಅಲರ್ಜಿಕಾರಕಗಳ ಹನಿಗಳನ್ನಿಟ್ಟು ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚಿದರು. ಹೋಲಿಕೆಗೆಂದು ಒಂದೆಡೆ ಉಪ್ಪುನೀರು, ಇನ್ನೊಂದೆಡೆ ಅಲರ್ಜಿಯಾದಾಗ ದೇಹವೇ ಹೊರಬಿಡುವ, ಗಂಧೆ ಎಬ್ಬಿಸುವ ರಾಸಾಯನಿಕವಾದ ಹಿಸ್ಟಮಿನ್ನನ್ನೇ ಹಾಕಿದರು. ಇಪ್ಪತ್ತು ನಿಮಿಷ ಕಳೆದರೂ ಎಲ್ಲಿಯೂ ಗಂಧೆ ಏಳಲಿಲ್ಲ, ಹಿಸ್ಟಮಿನ್ ಚುಚ್ಚಿದಲ್ಲಿಯೂ ಇಲ್ಲ. ವೈದ್ಯರು ಕೈ ನೋಡಿದವರೇ, "ಸೀನಿನ ಗುಳಿಗಿ ತೊಗೊಂಡೀರೇನ್ರಿ?" ಎಂದರು. ಹಿಂದಿನ ರಾತ್ರಿ ಸೆಟಿರಿಜಿನ್ ನುಂಗಿದ್ದೆ. ಅದನ್ನು ಸುಮಾರು ಒಂದು ವಾರ ಮೊದಲೇ ಬಿಡಬೇಕೆಂದು ಫೋನಿನಲ್ಲಿ ಸಮಯ ಕೊಟ್ಟವರು ಹೇಳಿರಲೇ ಇಲ್ಲ. ನನ್ನ ಒಂದು ದಿನದ ಪಗಾರ ಹೋಯಿತು.

ಆ ಸಿಟ್ಟನ್ನು ಇಳಿಸಿದ್ದು ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಕೊಟ್ಟ ವಿವರಣೆ. ಹಿಸ್ಟಮಿನ್ ತುಂಬಿಕೊಂಡಿರುವ ಮಾಸ್ಟ್ ಕೋಶದ ಮೇಲ್ಮೈಯ ಗ್ರಾಹಕಗಳಲ್ಲಿ ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯಗಳು ಮೊದಲೇ ಕುಳಿತಿರುತ್ತವೆ; ಪರಾಗದ ಪ್ರೋಟೀನು ಅಕ್ಕಪಕ್ಕದ ಪ್ರತಿಕಾಯಗಳನ್ನು ಒಟ್ಟಿಗೆ ಹಿಡಿದಾಗ ಗ್ರಾಹಕಗಳು ಒತ್ತಟ್ಟಿಗೆ ಬಂದು, ಒಳಗೆ ಲಿನ್, ಅದರ ಬೆನ್ನಿಗೆ ಸಿಕ್ ಎಂಬ ಕಿಣ್ವಗಳು ಚುರುಕಾಗುತ್ತವೆ. ಮುಂದೆ ಹುಟ್ಟುವ ಐಪಿ3 ಎಂಬ ಪುಟ್ಟ ಅಣು ಕೋಶದೊಳಗಿನ ಕ್ಯಾಲ್ಸಿಯಂ ಕಣಜದ ಬಾಗಿಲು ತೆಗೆಯುತ್ತದೆ, ಕಣಜ ಬರಿದಾದೊಡನೆ ಹೊರಗಿನ ಕ್ಯಾಲ್ಸಿಯಮ್ಮೂ ಒಳನುಗ್ಗುತ್ತದೆ, ಆಗ ಹಿಸ್ಟಮಿನ್ ತುಂಬಿದ ಸಂಚಿಗಳು ಕೋಶದ ಹೊರಪೊರೆಗೆ ಬೆಸೆದು ಒಳಗಿದ್ದುದನ್ನು ಹೊರಚೆಲ್ಲುತ್ತವೆ. ಸೆಟಿರಿಜಿನ್ ಈ ಸರಪಳಿಯ ಕೊಂಡಿಗಳನ್ನು ಕಡಿಯುವುದಿಲ್ಲ. ಹೊರಬಿದ್ದ ಹಿಸ್ಟಮಿನ್ ರಕ್ತನಾಳ ಮತ್ತು ನರಗಳ ಎಚ್1 ಗ್ರಾಹಕಗಳ ಮೂಲಕ ಕೆಲಸ ಮಾಡದಂತೆ ಅಡ್ಡ ನಿಲ್ಲುತ್ತದೆ. ಸೂಜಿಯಿಂದ ಹಾಕಿದ ಹಿಸ್ಟಮಿನ್ ಕೂಡ ಅದಕ್ಕೇ ಸುಮ್ಮನಾಗಿತ್ತು. ಹತ್ತು ವರ್ಷದಿಂದ ಗುಳಿಗೆ ನುಂಗುತ್ತಿದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ.

ಎಂಟು ದಿನ ಗುಳಿಗೆ ಬಿಟ್ಟು, ಮೂಗೊರೆಸಿಕೊಳ್ಳುತ್ತಲೇ ಮತ್ತೆ ಹೋದೆ. ಈ ಸಲ ಹಿಸ್ಟಮಿನ್ ಚುಚ್ಚಿದ ಜಾಗ ಸರಿಯಾಗಿ ಊದಿತು. ಕಾಂಗ್ರೆಸ್ ಕಸದ ಪರಾಗಕ್ಕೆ 6 ಮಿ.ಮೀ. ಗಂಧೆ ಎದ್ದಿತು, ಉಪ್ಪುನೀರಿನ ಜಾಗಕ್ಕಿಂತ 3 ಮಿ.ಮೀ. ಹೆಚ್ಚಿದ್ದರೆ ಸಾಕು, ಪಾಸಿಟಿವ್ ಎಂದೇ ಲೆಕ್ಕ. ತೊಗರಿ ಧೂಳಿನ ದ್ರಾವಣ ಮಾತ್ರ ಅವರಲ್ಲಿರಲಿಲ್ಲ. ತೊಗರಿಯ ಕಣಜವೆನಿಸಿಕೊಂಡ ಊರಿನಲ್ಲಿ ಇದು ಸಣ್ಣ ಕೊರತೆಯಲ್ಲ, ಮಿಲ್ಲಿನ ಮೇಲಿನ ನನ್ನ ಅನುಮಾನ ಹಾಗೆಯೇ ಉಳಿದಿದೆ.

ಎರಡನೆಯ ಸಲ ಶುಲ್ಕ ಕೇಳಲಿಲ್ಲ. ಪರೀಕ್ಷೆಯ ಅಚ್ಚುಕಟ್ಟಿಗೆ, ವಿವರಣೆಗೆ ಐದಕ್ಕೆ ಐದು; ಫೋನ್ ಎತ್ತುವವರಿಗೆ ಒಂದು. ಹೋಗುವವರು ಯಾವ ಗುಳಿಗೆಯನ್ನು ಎಷ್ಟು ದಿನ ಮುಂಚೆ ಬಿಡಬೇಕೆಂದು ವೈದ್ಯರನ್ನೇ ಕೇಳಿಕೊಂಡು ಹೋಗಬೇಕು.