ಸೊಸೈಟಿ ಸಾಫ್ಟ್‌ವೇರ್‌ಗೆ ಓಪನ್ ಲಿಬರ್ಟಿ: ವರ್ಷಗಟ್ಟಲೆ ಬಳಸಿದ ಮೇಲೆ

ತುಮಕೂರು ಜಿಲ್ಲೆಯ ಕೆಲವು ಪತ್ತಿನ ಸಹಕಾರ ಸಂಘಗಳಿಗೆ ನಾವು ಜಾವಾದಲ್ಲಿ ಬರೆದ ಸಾಫ್ಟ್‌ವೇರ್ ಕೊಟ್ಟಿದ್ದೇವೆ. ಷೇರು, ಪಿಗ್ಮಿ, ಒಡವೆ ಸಾಲ, ದಿನದ ಜಮಾ ಖರ್ಚು ಎಲ್ಲ ಅದರಲ್ಲೇ. ಗುಬ್ಬಿ, ತಿಪಟೂರು, ಶಿರಾ ಕಡೆ ಅದು ಓಡುತ್ತಿರುವುದು ಓಪನ್ ಲಿಬರ್ಟಿ ಎಂಬ ಅಪ್ಲಿಕೇಶನ್ ಸರ್ವರ್ (ಜಾವಾ ಸಾಫ್ಟ್‌ವೇರನ್ನು ತನ್ನ ಮೇಲೆ ಓಡಿಸುವ ಪ್ರೋಗ್ರಾಂ) ಮೇಲೆ. ನಮ್ಮಂಥ ಸಣ್ಣ ತಂಡಕ್ಕೆ ಇಷ್ಟು ನೆಮ್ಮದಿ ಕೊಟ್ಟ ಸರ್ವರ್ ಬೇರೆ ಸಿಕ್ಕಿಲ್ಲ. ಅದಕ್ಕೆ ಕಾರಣ ವೇಗ ಅಲ್ಲ, ಅಪ್‌ಗ್ರೇಡ್.

ಮೊದಲು ಲೈಸೆನ್ಸ್ ವಿಷಯ ಹೇಳಿಬಿಡುತ್ತೇನೆ. ಆಡಳಿತ ಮಂಡಳಿಯವರು ಕೇಳುವುದೇ ಅದನ್ನು: "ಇದಕ್ಕೂ ವರ್ಷ ವರ್ಷ ದುಡ್ಡು ಕಟ್ಟಬೇಕಾ ಸಾರ್?" ಬೇಕಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಐಬಿಎಂ ತನ್ನ ವೆಬ್‌ಸ್ಫಿಯರ್ ಲಿಬರ್ಟಿಯ ಮೂಲ ಕೋಡನ್ನು ಎಕ್ಲಿಪ್ಸ್ ಪಬ್ಲಿಕ್ ಲೈಸೆನ್ಸ್ ಅಡಿ ಎಲ್ಲರಿಗೂ ತೆರೆದಿಟ್ಟಿತು. ಅದೇ ಓಪನ್ ಲಿಬರ್ಟಿ. ಪ್ರೊಸೆಸರ್‌ನಲ್ಲಿ ಎಷ್ಟು ಕೋರ್, ಎಷ್ಟು ಬಳಕೆದಾರರು ಎಂದು ಎಣಿಸುವ ಕೆಲಸ ಇಲ್ಲ. ಸರ್ವರ್‌ನ ಕೋಡನ್ನೇ ತಿದ್ದಿ ಬೇರೆಯವರಿಗೆ ಹಂಚಿದರೆ ಆ ತಿದ್ದಿದ ಭಾಗದ ಕೋಡನ್ನೂ ಕೊಡಬೇಕು. ಅದರ ಮೇಲೆ ಓಡುವ ನಿಮ್ಮ ಸ್ವಂತ ಸಾಫ್ಟ್‌ವೇರ್‌ಗೆ ಆ ಷರತ್ತು ತಗಲುವುದಿಲ್ಲ. ಆದರೆ ಕೆಳಗೆ ಹಾಕುವ ಜಾವಾದ ಲೈಸೆನ್ಸ್ ಬೇರೆ, ಅದನ್ನು ಮರೆಯಬೇಡಿ. ಒರಾಕಲ್‌ನ ಜಾವಾ 8ಕ್ಕೆ 2019ರಿಂದ ವ್ಯಾಪಾರದ ಬಳಕೆಗೆ ಉಚಿತ ಅಪ್‌ಡೇಟ್ ಇಲ್ಲ. ನಾವು ಎಲ್ಲ ಕಡೆ ಟೆಮುರಿನ್ ಎಂಬ ಓಪನ್ ಸೋರ್ಸ್ ಜಾವಾ ಹಾಕುತ್ತೇವೆ, ಅದಕ್ಕೆ ದುಡ್ಡಿಲ್ಲ.

ಈಗ ಅಪ್‌ಗ್ರೇಡ್. ಲಿಬರ್ಟಿಯಲ್ಲಿ ನಿಮಗೆ ಯಾವ ಫೀಚರ್ ಬೇಕೋ ಅದನ್ನು ಸರ್ವರ್.ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆಯುತ್ತೀರಿ: ಸರ್ವ್ಲೆಟ್-4.0 (ವೆಬ್ ಕೋರಿಕೆಗೆ ಉತ್ತರಿಸುವುದು), ಜೆಪಿಎ-2.2 (ಡೇಟಾಬೇಸ್ ಜೊತೆ ವ್ಯವಹರಿಸುವುದು), ಹೀಗೆ ಆವೃತ್ತಿ ಸಮೇತ. ಬರೆದದ್ದು ಮಾತ್ರ ಲೋಡ್ ಆಗುತ್ತದೆ. ನಾಲ್ಕು ವಾರಕ್ಕೊಮ್ಮೆ ಹೊಸ ಲಿಬರ್ಟಿ ಬರುತ್ತದೆ, ಆದರೆ ನೀವು ಸರ್ವ್ಲೆಟ್-4.0 ಎಂದು ಬರೆದಿದ್ದರೆ ಹೊಸದರಲ್ಲೂ ಅದೇ 4.0 ಸಿಗುತ್ತದೆ. ಹಳೇ ಫೋಲ್ಡರ್ ಪಕ್ಕದಲ್ಲಿ ಹೊಸದನ್ನು ಬಿಚ್ಚಿ, ಅದೇ ಕಾನ್ಫಿಗರೇಶನ್ ತೋರಿಸಿ, ಸ್ಟಾರ್ಟ್ ಮಾಡಿದರೆ ಆಯಿತು. ಸಂಘದ ಊಟದ ಬಿಡುವಿನಲ್ಲೇ ಈ ಕೆಲಸ ಮುಗಿಸಿ ಎದ್ದು ಬಂದಿದ್ದೇವೆ.

ಇದರ ಬೆಲೆ ನಮಗೆ ಚೆನ್ನಾಗಿ ಗೊತ್ತಾದದ್ದು ಜಕಾರ್ತಾ ಬದಲಾವಣೆಯಲ್ಲಿ. ಜಕಾರ್ತಾ ಇಇ ಎಂದರೆ ಇಂಥ ಜಾವಾ ಸರ್ವರ್‌ಗಳು ಪಾಲಿಸುವ ಮಾನದಂಡ, ಮೊದಲು ಜಾವಾ ಇಇ ಎನ್ನುತ್ತಿದ್ದರು. 2020ರ ಕೊನೆಗೆ ಬಂದ ಜಕಾರ್ತಾ ಇಇ 9ರಲ್ಲಿ 'ಜಾವಾಎಕ್ಸ್' ಎಂದಿದ್ದ ಪ್ಯಾಕೇಜ್ ಹೆಸರುಗಳೆಲ್ಲ 'ಜಕಾರ್ತಾ' ಆದವು. ಹಳೇ ಕೋಡ್ ಹೊಸ ಸರ್ವರ್‌ನಲ್ಲಿ ಹಾಗೇ ಓಡುವುದಿಲ್ಲ. ಟಾಮ್‌ಕ್ಯಾಟ್ ಎಂಬ ಇನ್ನೊಂದು ಜಾವಾ ಸರ್ವರ್ ಆದರೆ ಅದರ ಆವೃತ್ತಿ 9 ಹಳೇ ಹೆಸರಿಗೆ, 10ರಿಂದ ಮುಂದಿನದು ಹೊಸ ಹೆಸರಿಗೆ. ಎರಡೂ ಬೇಕಿದ್ದರೆ ಎರಡನ್ನೂ ಹಾಕಿ ಸಾಕಬೇಕು. ಲಿಬರ್ಟಿಯ ಒಂದೇ ಇನ್‌ಸ್ಟಾಲೇಶನ್‌ನಲ್ಲಿ ಎರಡೂ ತಲೆಮಾರಿನ ಫೀಚರ್‌ಗಳಿವೆ. ಒಂದೇ ಸರ್ವರ್ ಒಳಗೆ ಅವನ್ನು ಬೆರೆಸುವಂತಿಲ್ಲ, ಆದರೆ ಎರಡು ಸರ್ವರ್ ಮಾಡಬಹುದು. ನಮ್ಮ ಹಳೇ ಸಾಲದ ಭಾಗ ಒಂದರಲ್ಲಿ, ಹೊಸದಾಗಿ ಬರೆದ ವರದಿಗಳ ಭಾಗ ಇನ್ನೊಂದರಲ್ಲಿ. ಹಳೇ ಕೋಡನ್ನು ಅವಸರದಲ್ಲಿ ಮುಟ್ಟಬೇಕಾಗಲಿಲ್ಲ. ಜನರ ಉಳಿತಾಯದ ಲೆಕ್ಕ ಇರುವ ಕೋಡ್ ಅದು, ಅವಸರ ಸಲ್ಲದು ಅಲ್ವಾ?

ಲಿನಕ್ಸ್, ವಿಂಡೋಸ್, ಮ್ಯಾಕ್, ಐಬಿಎಂನ ಎಐಎಕ್ಸ್, ಎಲ್ಲದರಲ್ಲೂ ಓಡುತ್ತದೆ. ಜಾವಾ 8, 11, 17, 21 ಯಾವುದಾದರೂ ನಡೆಯುತ್ತದೆ, ಜಕಾರ್ತಾ ಇಇ 10 ಬೇಕಿದ್ದರೆ ಮಾತ್ರ ಕನಿಷ್ಠ 11 ಇರಬೇಕು. ನಮ್ಮ ಸಂಘಗಳಲ್ಲಿ ಇರುವುದು ವಿಂಡೋಸ್. ಒಂದು ಕಮಾಂಡ್ ಕೊಟ್ಟರೆ ಸರ್ವರ್ ವಿಂಡೋಸ್ ಸರ್ವಿಸ್ ಆಗಿ ಸೇರಿಕೊಳ್ಳುತ್ತದೆ. ಆ ಸರ್ವಿಸ್‌ನ ಸ್ಟಾರ್ಟ್‌ಅಪ್ 'ಆಟೊಮ್ಯಾಟಿಕ್' ಎಂದಿದ್ದರೆ, ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೂ ಮಷೀನ್ ಮತ್ತೆ ಆನ್ ಆದಾಗ ತಾನೇ ಎದ್ದು ನಿಲ್ಲುತ್ತದೆ, ಕ್ಲರ್ಕ್ ಏನೂ ಮಾಡಬೇಕಿಲ್ಲ.

ಕನ್ನಡದಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ಜಾವಾ 17ರವರೆಗೆ ಡೀಫಾಲ್ಟ್ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ವಿಧಾನ) ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಅಲ್ಲ. ಫೈಲಿಗೆ ಬರೆಯುವಾಗ ಸದಸ್ಯರ ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆಚಿಹ್ನೆ ಬೀಳಬಹುದು. ಸರ್ವರ್ ಫೋಲ್ಡರಿನ ಜೆವಿಎಂ.ಆಪ್ಶನ್ಸ್ ಫೈಲಿನಲ್ಲಿ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಒಂದು ಸಾಲು ಹಾಕಿ. ಜಾವಾ 18ರಿಂದ ಈ ತಾಪತ್ರಯ ಇಲ್ಲ.

ಕೊರತೆಗಳೂ ಇವೆ. ಹಳೇ ಆವೃತ್ತಿಗೆ ಉಚಿತ ಪ್ಯಾಚ್ ಬರುವುದಿಲ್ಲ. ಭದ್ರತೆಯ ತಿದ್ದುಪಡಿ ಬೇಕೆಂದರೆ ಹೊಸದಕ್ಕೇ ಹೋಗಬೇಕು. ಅಪ್‌ಗ್ರೇಡ್ ಸುಲಭ ಇರುವುದರಿಂದ ಸಹಿಸಬಹುದು, ಆದರೆ ಅಪ್‌ಗ್ರೇಡ್ ಮುಂದೂಡುವ ಅಭ್ಯಾಸ ಇರುವವರಿಗೆ ಇದು ಸರಿಬರಲಿಕ್ಕಿಲ್ಲ. ಫೀಚರ್ ಇಳಿಸುವ ಟೂಲ್ ಮಾಮೂಲಾಗಿ ಇಂಟರ್ನೆಟ್ ಕೇಳುತ್ತದೆ. ನೆಟ್ ನಿಧಾನ ಇರುವ ಕಡೆಗೆ ಎಲ್ಲ ಫೀಚರ್ ಇರುವ ದೊಡ್ಡ ಜಿಪ್ ಫೈಲನ್ನೇ ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಒಳ್ಳೆಯದು. ಇನ್ನು ಸಹಾಯಕ್ಕೆ ಹುಡುಕಿದರೆ ಟಾಮ್‌ಕ್ಯಾಟ್ ಬಗ್ಗೆಯೇ ಜಾಸ್ತಿ ಸಿಗುತ್ತದೆ. ಲಿಬರ್ಟಿಯ ಲಾಗ್‌ನಲ್ಲಿ ಪ್ರತಿ ಸಂದೇಶಕ್ಕೂ ಒಂದು ಕೋಡ್ ಇರುತ್ತದೆ, ಆ ಕೋಡ್ ಹಾಕಿ ಹುಡುಕಿ, ಸುಮ್ನೆ ವಾಕ್ಯ ಹಾಕಬೇಡಿ.

ಬರೀ ಸರ್ವ್ಲೆಟ್, ಜೆಎಸ್‌ಪಿ (ವೆಬ್ ಪುಟ ತಯಾರಿಸುವ ಜಾವಾ ವಿಧಾನ) ಸಾಕು ಎನ್ನುವವರಿಗೆ ಟಾಮ್‌ಕ್ಯಾಟೇ ಸಾಕು, ಬದಲಾಯಿಸಬೇಡಿ. ಹೆಪ್ಪುಗಟ್ಟಿಸಿಟ್ಟ ಸರ್ವರ್ ಅನ್ನು ಕ್ಷಣದಲ್ಲಿ ಎಬ್ಬಿಸುವ ಇನ್‌ಸ್ಟಂಟ್‌ಆನ್ ಎಂಬ ಫೀಚರ್ 2023ರಲ್ಲಿ ಬಂದಿದೆ. ಅದು ಲಿನಕ್ಸ್‌ನಲ್ಲಿ ಮಾತ್ರ ನಡೆಯುವುದರಿಂದ ನಮ್ಮ ಸಂಘಗಳ ಮಷೀನ್‌ಗಳಲ್ಲಿ ಅದಕ್ಕೆ ಸದ್ಯ ಜಾಗವಿಲ್ಲ.